ಟೈಫೂನ್ ಬರುತ್ತೆ ಅಂತ ಗೊತ್ತಿದ್ದೂ ಜನ ಸಾಯೋದ್ಯಾಕೆ?

ಪ್ರಶ್ನೆ: ನನ್ನ ತಂಗಿ ಮಗ ಫಿಲಿಪ್ಪೀನ್ಸ್‌ನಲ್ಲಿ ಎಂಬಿಬಿಎಸ್ ಓದ್ತಿದ್ದಾನೆ. ಟೈಫೂನ್ ಬರೋದನ್ನ ಅಲ್ಲಿ ಮೊದಲೇ ಹೇಳ್ತಾರಂತೆ. ಹಾಗಿದ್ದೂ ಅಷ್ಟು ಜನ ಯಾಕೆ ಸಾಯ್ತಾರೆ? ಹಾನಿ ಎಷ್ಟಾಗುತ್ತೆ ಅಂತ ಮುಂಚೆನೇ ಲೆಕ್ಕ ಹಾಕೋಕೆ ಆಗಲ್ವಾ?
— ಓದುಗರೊಬ್ಬರು, ಕಾರಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಆಗುತ್ತೆ, ಹಾಕ್ತಾರೆ ಕೂಡ. ಟೈಫೂನ್ ಅಂದ್ರೆ ನಮ್ಮ ಬಂಗಾಳ ಕೊಲ್ಲಿಯ ಚಂಡಮಾರುತವೇ, ಸಮುದ್ರ ಬೇರೆ ಅಷ್ಟೇ. ಉಪಗ್ರಹ, ರಾಡಾರ್ ನೋಡಿ ಅದು ಯಾವ ಕಡೆ ಹೊರಟಿದೆ ಅಂತ ಎರಡು ಮೂರು ದಿನ ಮೊದಲೇ ಹೇಳಬಹುದು. ಹಾನಿಯ ಲೆಕ್ಕಕ್ಕೆ ಅಷ್ಟು ಸಾಲದು. ದಡ ಎಷ್ಟು ಎತ್ತರ ಇದೆ, ಮನೆಗಳು ತಗಡಿನವೋ ಆರ್‌ಸಿಸಿಯವೋ, ಜನ ಎಷ್ಟು, ಊರು ಬಿಟ್ಟು ಹೋಗೋಕೆ ರಸ್ತೆ ಇದೆಯಾ, ಇದನ್ನೆಲ್ಲ ಸೇರಿಸಿ ನೋಡಬೇಕು. ಗಾಳಿಯ ವೇಗ ಎರಡು ಪಟ್ಟಾದ್ರೆ ಗೋಡೆ ಮೇಲೆ ಬೀಳೋ ಒತ್ತಡ ನಾಲ್ಕು ಪಟ್ಟಾಗುತ್ತೆ.

ಜಾಸ್ತಿ ಜೀವ ತೆಗೆಯೋದು ಮಾತ್ರ ನೀರು. 2013ರ ನವೆಂಬರ್‌ನಲ್ಲಿ ಫಿಲಿಪ್ಪೀನ್ಸ್‌ಗೆ ಹೈಯಾನ್ ಅನ್ನೋ ಟೈಫೂನ್ ಬಂದಾಗ ಗಾಳಿ ತಳ್ಳಿದ ಸಮುದ್ರ ಟಾಕ್ಲೊಬಾನ್ ನಗರದೊಳಗೆ ನುಗ್ಗಿತು. ಎಚ್ಚರಿಕೆ ಕೇಳಿ ಜನ ಆಶ್ರಯಕ್ಕೆ ಸೇರಿದ್ದ ಕೆಲವು ಕಟ್ಟಡಗಳೇ ಮುಳುಗಿದವು. ದೇಶದಲ್ಲಿ ಒಟ್ಟು 6,300ಕ್ಕೂ ಹೆಚ್ಚು ಮಂದಿ ಸತ್ತರು.

ಅದಕ್ಕೆ ಒಂದು ತಿಂಗಳು ಮುಂಚೆ ಒಡಿಶಾಕ್ಕೆ ಫೈಲಿನ್ ಚಂಡಮಾರುತ ಬಡಿದಿತ್ತು. 1999ರ ಚಂಡಮಾರುತದಲ್ಲಿ ಅಲ್ಲಿ ಸುಮಾರು 10,000 ಜನ ಸತ್ತಿದ್ದರು. ಫೈಲಿನ್‌ನಲ್ಲಿ ಸಾವು 50 ದಾಟಲಿಲ್ಲ. ನಡುವಿನ ವರ್ಷಗಳಲ್ಲಿ ಅವರು ಕಂಬಗಳ ಮೇಲೆ ಎತ್ತರಿಸಿದ ಆಶ್ರಯ ಕಟ್ಟಡಗಳನ್ನ ಕಟ್ಟಿದ್ರು, ಬೇರೆ ದಿನಗಳಲ್ಲಿ ಅಂಥ ಎಷ್ಟೋ ಕಟ್ಟಡಗಳು ಶಾಲೆ. ಊರಿನ ಹುಡುಗರಿಗೇ ತರಬೇತಿ ಕೊಟ್ಟು ಮನೆ ಮನೆಗೆ ಕಳಿಸಿದ್ರು. ಇದೇ ಕಷ್ಟದ ಕೆಲಸ ನೋಡಿ. ದನ ಬಿಟ್ಟು ಹೆಂಗೆ ಬರೋದು, ಕಳ್ಳರು ಬಂದ್ರೆ ಅಂತ ಜನ ಕೂತುಬಿಡ್ತಾರೆ. ಟೀವಿಯಲ್ಲಿ ಎಷ್ಟು ಕೂಗಿದ್ರೂ ಏಳದ ಅಜ್ಜಿ, ಗುರುತಿನ ಹುಡುಗ ಬಂದು ಕರೆದ್ರೆ ಎದ್ದು ಬರ್ತಾಳೆ ಅಲ್ವಾ? ಹಾಗೆ ಸುಮಾರು 10 ಲಕ್ಷ ಜನರನ್ನ ದಡದಿಂದ ಸಾಗಿಸಿದ್ರು. ಮನೆಗಳು ಮಾತ್ರ ಉಳಿಯಲಿಲ್ಲ, ಲಕ್ಷಗಟ್ಟಲೆ ಹಾಳಾದವು. ಅಲ್ಲಿನ ಕೇಂದ್ರಪಾಡಾ ಜಿಲ್ಲೆ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ದಟ್ಟವಾಗಿದ್ದ ಹಳ್ಳಿಗಳಲ್ಲಿ 1999ರಲ್ಲೂ ಸಾವು ಕಡಿಮೆ ಇತ್ತು. ಆ ಕಾಡು ಕಡಿದು ಗೋಡೆ ಕಟ್ಟೋದು ನನಗಂತೂ ದಡ್ಡತನ ಅನ್ಸುತ್ತೆ.

ನಿಮ್ಮ ಹುಡುಗನಿಗೆ ಹೇಳಿ: ಪ್ರಾಜೆಕ್ಟ್ ನೋವಾ ಅಂತ ಅಲ್ಲಿನ ನಕ್ಷೆಗಳಿವೆ, ತನ್ನ ಹಾಸ್ಟೆಲ್ ಇರೋ ಜಾಗಕ್ಕೆ ಸಮುದ್ರದ ನೀರು ಬರಬಹುದಾ ಅಂತ ಇವತ್ತೇ ನೋಡಿಕೊಳ್ಳಲಿ. ಬರೋ ಹಾಗಿದ್ರೆ ಎತ್ತರದ ಜಾಗದಲ್ಲಿರೋ ಗೆಳೆಯನ ರೂಮು ಹುಡುಕಿಡಲಿ.

ಕಾರಟಗಿ ಅಂದ್ರೆ ಭತ್ತ ಇದ್ದೇ ಇರುತ್ತೆ, ಅದಕ್ಕೇ ಇನ್ನೊಂದು ಮಾತು. ಕೊಲ್ಲಿಯಲ್ಲಿ ವಾಯುಭಾರ ಕುಸಿದ್ರೆ ನಮ್ಮ ಕಡೆ ಮಳೆ ಹಿಡಿಯುತ್ತೆ. ಫಸಲ್ ಬಿಮಾ ಕಟ್ಟಿದ್ರೆ, ಕೊಯ್ದು ಒಣಗೋಕೆ ಬಿಟ್ಟ ಬೆಳೆಗೂ 14 ದಿನದವರೆಗೆ ರಕ್ಷಣೆ ಇದೆ. ಆದರೆ ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು. ನೆನೆದ ಬೆಳೆಯ ಫೋಟೋ ತೆಗೆದುಕೊಂಡೇ ತಾಡಪತ್ರಿ ಹೊದಿಸಿ.