ಟೊಮೆಟೊ ವಿಷವೆಂಬ ಹಳೆಯ ಭಯ ಮತ್ತು ಹಸಿರು ಕಾಯಿಯ ಪ್ರಶ್ನೆ

ನಮಸ್ಕಾರ. ಯುರೋಪಿನವರು ಟೊಮೆಟೊವನ್ನು ವಿಷವೆಂದು ನಂಬಿದ್ದು ನಿಜವೇ, ಸೀಸ ಬೆರೆತ ತಟ್ಟೆಗಳೇ ಅದಕ್ಕೆ ಕಾರಣವೇ, ತಾರಸಿಯ ಗಿಡದ ಹಸಿರು ಕಾಯಿಯನ್ನು ಚಟ್ನಿಗೆ ಹಾಕಬಹುದೇ ಎಂದು ಕೇಳಿದ್ದೀರಿ.

ನಂಬಿಕೆ ಇದ್ದದ್ದು ನಿಜ, ಆದರೆ ಎಲ್ಲೆಡೆಯೂ ಅಲ್ಲ. ಮೆಕ್ಸಿಕೋದ ಅಜ್ಟೆಕ್ ಜನ ಟೊಮೆಟೊವನ್ನು ಮೆಣಸಿನಕಾಯಿಯೊಡನೆ ಅರೆದು ಉಣ್ಣುತ್ತಿದ್ದರು. ಸ್ಪೇನ್ ಮತ್ತು ದಕ್ಷಿಣ ಇಟಲಿಯ ಅಡುಗೆಮನೆಗಳೂ ಅದನ್ನು ಒಪ್ಪಿಕೊಂಡವು. ಭಯ ಬೇರೂರಿದ್ದು ಮುಖ್ಯವಾಗಿ ಇಂಗ್ಲೆಂಡಿನಂಥ ಉತ್ತರದ ನಾಡುಗಳಲ್ಲಿ ಮತ್ತು ಅಲ್ಲಿಂದ ವಲಸೆ ಹೋದವರ ಅಮೆರಿಕದಲ್ಲಿ.

ನನ್ನ ದೃಷ್ಟಿಯಲ್ಲಿ ಆ ಭಯದ ಮೂಲ ಗಿಡದ ಕುಲದಲ್ಲಿಯೇ ಇದೆ. ಬೆಲಡೋನಾ ಎಂಬ ಯುರೋಪಿನ ಕಡುವಿಷದ ಗಿಡ ಟೊಮೆಟೊವಿನ ದಾಯಾದಿ. ಅದರ ದುಂಡನೆಯ ಹಣ್ಣಿನ ಬುಡದಲ್ಲಿಯೂ ಐದು ಹಸಿರು ಎಸಳುಗಳು ನಕ್ಷತ್ರದಂತೆ ಹರಡಿರುತ್ತವೆ. ಇಟಲಿಯ ವೈದ್ಯ ಮಟ್ಟಿಯೋಲಿ 1544ರಲ್ಲಿ ಈ ಹೊಸ ಹಣ್ಣನ್ನು ವರ್ಣಿಸುವಾಗ, ಮದ್ದು ಮತ್ತು ಮಾಟ ಎರಡಕ್ಕೂ ಹೆಸರಾಗಿದ್ದ ಮ್ಯಾಂಡ್ರೇಕ್ ಗಿಡದ ಜೊತೆಗೆ ಅದನ್ನು ಇರಿಸಿದ. ಇಂಗ್ಲೆಂಡಿನ ಜಾನ್ ಜೆರಾರ್ಡ್, ಸ್ಪೇನ್ ಮತ್ತು ಇಟಲಿಯವರು ಇದನ್ನು ತಿನ್ನುತ್ತಾರೆಂದು ತಿಳಿದಿದ್ದರೂ, 1597ರ ತನ್ನ ಸಸ್ಯಗ್ರಂಥದಲ್ಲಿ ಗಿಡವಿಡೀ ದುರ್ನಾತವೆಂದು ಬರೆದ. ಟೊಮೆಟೊ ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿದರೆ ಅವನ ಮಾತಿನ ಹಿನ್ನೆಲೆ ಅರ್ಥವಾಗುತ್ತದೆ.

ಟೊಮೆಟೊ ಹುಳಿಗೆ ತಟ್ಟೆಯ ಸೀಸ ಕರಗಿ ಊಟಕ್ಕೆ ಸೇರಿ ಜನ ಸತ್ತರು, ದೂರು ಮಾತ್ರ ಹಣ್ಣಿನ ಮೇಲೆ ಬಂತು ಎಂಬ ತಟ್ಟೆಯ ಕಥೆಯನ್ನು ನಾನು ಒಪ್ಪುವುದಿಲ್ಲ. ತವರದ ಮಿಶ್ರಲೋಹದ ಆ ತಟ್ಟೆಗಳಲ್ಲಿ ಸೀಸವಿರುತ್ತಿದ್ದುದು ಹೌದು. ಆದರೆ ಟೊಮೆಟೊಗಿಂತ ಹೆಚ್ಚು ಹುಳಿಯಾದ ವಿನೆಗರ್ ಮತ್ತು ನಿಂಬೆರಸವನ್ನು ಅದೇ ಜನ ನಿರ್ಭಯವಾಗಿ ಬಳಸುತ್ತಿದ್ದರು. ಊಟದ ಹೊತ್ತಿನಷ್ಟು ಸಮಯದಲ್ಲಿ ತಟ್ಟೆಯಿಂದ ಇಳಿಯುವ ಸೀಸ ಸಾವು ತರುವಷ್ಟಿರುವುದೂ ಅಸಂಭವ. 1820ರಲ್ಲಿ ನ್ಯೂಜೆರ್ಸಿಯ ಸೇಲಂನಲ್ಲಿ ರಾಬರ್ಟ್ ಗಿಬ್ಬನ್ ಜಾನ್ಸನ್ ಎಂಬಾತ ಜನರೆದುರು ಟೊಮೆಟೊ ತಿಂದು ಭಯ ಬಿಡಿಸಿದನೆಂಬ ಕಥೆಗೂ ಆ ಕಾಲದ ದಾಖಲೆಯಿಲ್ಲ.

ಇನ್ನು ಹಸಿರು ಕಾಯಿಯ ವಿಚಾರ. ಟೊಮೆಟೊ ಗಿಡದಲ್ಲಿ ಟೊಮೆಟಿನ್ ಎಂಬ ಕಹಿ ವಸ್ತುವಿದೆ. ಎಲೆ, ಹೂವು ಮತ್ತು ಎಳೆಗಾಯಿಯಲ್ಲಿ ಅದು ಹೆಚ್ಚು. ಕಾಯಿ ಬಲಿತು ಹಣ್ಣಾಗುತ್ತಾ ಹೋದಂತೆ ಕ್ಷೀಣಿಸಿ, ಕೆಂಪು ಹಣ್ಣಿನಲ್ಲಿ ತೀರಾ ಅಲ್ಪವಾಗುತ್ತದೆ. ಆದ್ದರಿಂದ ಪೂರ್ತಿ ಬಲಿತು ಬಣ್ಣ ತಿರುಗಲು ಸಿದ್ಧವಾದ ಕಾಯಿಯ ಚಟ್ನಿ ಅಥವಾ ಗೊಜ್ಜಿನಿಂದ ತೊಂದರೆಯಿಲ್ಲ. ನೆಲ್ಲಿಕಾಯಿ ಗಾತ್ರದ ಎಳೆಗಾಯಿಗಳನ್ನು ಬಿಡಿ, ಕಹಿಯೆನಿಸಿದ್ದನ್ನು ನುಂಗಬೇಡಿ. ಸವರಿದ ಗಿಡಗಳನ್ನು ಮೇಕೆ, ಹಸುಗಳ ಮುಂದೆ ರಾಶಿ ಹಾಕದೆ ಗೊಬ್ಬರದ ಗುಂಡಿಗೆ ಸೇರಿಸಿ.

ಇದೇ ಕುಲದ ಗಣಿಕೆ ಸೊಪ್ಪನ್ನು ನಮ್ಮಲ್ಲಿ ಬೇಯಿಸಿ ಸಾರು ಮಾಡುತ್ತಾರೆ, ಯುರೋಪಿನಲ್ಲಿ ಬಹುಕಾಲ ಅದನ್ನೂ ವಿಷವೆಂದೇ ಎಣಿಸಿದ್ದರು. ಅದರಲ್ಲಿಯೂ ಹಸಿರು ಕಾಯಿ ತಿನ್ನುವುದು ಬೇಡ.

ಕಸಿ ಕಟ್ಟುವವರಿಗೆ ಒಂದು ಮುಖ್ಯ ಎಚ್ಚರಿಕೆ: ಬೇರು ಗಟ್ಟಿಯೆಂದು ಉಮ್ಮತ್ತಿ ಗಿಡದ ಮೇಲೆ ಟೊಮೆಟೊ ಕಸಿ ಮಾಡಬೇಡಿ. ಉಮ್ಮತ್ತಿಯ ವಿಷ ತಯಾರಾಗುವುದು ಮುಖ್ಯವಾಗಿ ಬೇರಿನಲ್ಲಿ. ಅದು ಮೇಲೇರಿ ಟೊಮೆಟೊ ಹಣ್ಣಿಗೂ ಸೇರುತ್ತದೆ, ಅಮೆರಿಕದಲ್ಲಿ ಅಂಥ ಹಣ್ಣು ತಿಂದವರು ಆಸ್ಪತ್ರೆ ಸೇರಿದ್ದೂ ಉಂಟು. ಬದನೆ ಅಥವಾ ಸುಂಡೆ ಗಿಡದ ಬೇರನ್ನೇ ಬಳಸಿ.