ಸುಬಾಶಿಚ್ ಅಂದರೆ ಯಾಕಷ್ಟು ಪ್ರೀತಿ?

2018ರ ಫುಟ್‌ಬಾಲ್ ವಿಶ್ವಕಪ್ ಬಿಟ್ಟರೆ ಕ್ರೊಯೇಷಿಯಾದ ಗೋಲ್‌ಕೀಪರ್ ಡ್ಯಾನಿಯೆಲ್ ಸುಬಾಶಿಚ್ ಏನು ಮಾಡಿದ್ದಾರೆ, ಕ್ರೊಯೇಷಿಯಾದವರಿಗೆ ಅವರೆಂದರೆ ಯಾಕಷ್ಟು ಪ್ರೀತಿ ಅಂತ ಕೇಳಿದ್ದೀರಿ. ಫ್ರೆಂಚ್ ಲೀಗಿನ ಮೊನಾಕೊ ಕ್ಲಬ್ಬಿನಲ್ಲಿ ಆಡಿದ ಕಾಲ ನೋಡಿ. 2012ರಲ್ಲಿ ಅವರು ಸೇರಿದಾಗ ಕ್ಲಬ್ ಎರಡನೇ ದರ್ಜೆಯ ಲೀಗಿನಲ್ಲಿ ಒದ್ದಾಡುತ್ತಿತ್ತು, ಅಲ್ಲಿಂದ ಮೇಲೆದ್ದು 2017ರಲ್ಲಿ ಫ್ರಾನ್ಸಿನ ಚಾಂಪಿಯನ್ ಆದಾಗಲೂ ಗೋಲ್‌ಕೀಪರ್ ಇವರೇ. ಒಂದು ಫ್ರೀ ಕಿಕ್ಕಿನಲ್ಲಿ ಗೋಲನ್ನೂ ಹೊಡೆದಿದ್ದಾರೆ!

ಆದರೆ ಪ್ರೀತಿಗೆ ಕಾರಣ ಇನ್ನೂ ಹಳೆಯದು. 2008ರಲ್ಲಿ ಕ್ರೊಯೇಷಿಯಾದ ಝಾದರ್ ತಂಡದ ಪಂದ್ಯದಲ್ಲಿ ಇವರು ಕೊಟ್ಟ ಪಾಸ್ ಹಿಡಿಯಲು ಓಡಿದ ಗೆಳೆಯ ಹರ್ವೋಯೆ ಚುಸ್ತಿಚ್, ಮೈದಾನದ ಪಕ್ಕದ ಕಾಂಕ್ರೀಟ್ ಗೋಡೆಗೆ ತಲೆ ಬಡಿದು ಕೆಲವು ದಿನಗಳಲ್ಲಿ ತೀರಿಕೊಂಡರು. ಆಮೇಲೆ ಜರ್ಸಿಯ ಒಳಗೆ ಆ ಗೆಳೆಯನ ಚಿತ್ರವಿರುವ ಅಂಗಿ ಹಾಕಿಕೊಂಡೇ ಆಡಿದರು. 2018ರ ವಿಶ್ವಕಪ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಮೂರು ಪೆನಾಲ್ಟಿ ತಡೆದ ದಿನ ಜಗತ್ತು ನೋಡಿದ್ದು ಅದನ್ನೇ. ರಷ್ಯಾ ವಿರುದ್ಧ ತೊಡೆ ಹಿಡಿದುಕೊಂಡು ಕುಂಟುತ್ತಿದ್ದರೂ ಮೈದಾನ ಬಿಡಲಿಲ್ಲ, ಅಲ್ಲೂ ಒಂದು ಪೆನಾಲ್ಟಿ ತಡೆದರು. ಇಂಥವರನ್ನು ಮರೆಯೋಕಾಗುತ್ತಾ?