ಹುಟ್ಟುಹಬ್ಬಕ್ಕೆ ಅಂತ ವಾರಾಂತ್ಯದಲ್ಲಿ ಮಹಾನಗರಕ್ಕೆ ಹೋಗ್ತಿದ್ದೇವೆ, ಊರನ್ನೂ ನೋಡಿ ಬರಬಹುದಾ?

ಶುಕ್ರವಾರ ಕೆಲಸ ಮುಗಿಸಿ ಹೊರಡ್ತೀರಿ, ಶನಿವಾರ ಸಂಜೆ ನಿಮ್ಮ ದೊಡ್ಡಮ್ಮನ 70ನೇ ಹುಟ್ಟುಹಬ್ಬ, ಭಾನುವಾರ ರಾತ್ರಿಯೊಳಗೆ ವಾಪಸ್ ಮನೆ. ಜೊತೆಗೆ ವಯಸ್ಸಾದ ಅಪ್ಪ, ಅಮ್ಮ, ಇಬ್ಬರು ಚಿಕ್ಕ ಮಕ್ಕಳು. "ಅಷ್ಟು ದೂರ ಹೋದಮೇಲೆ ನಾಲ್ಕು ಜಾಗವನ್ನಾದರೂ ನೋಡಬೇಕಲ್ವಾ" ಅಂತ ಕೇಳಿದ್ದೀರಿ. ನಾಲ್ಕು ಬೇಡ. ಒಂದು ನೋಡಿ, ಅದೂ ಉಳಿದುಕೊಂಡ ಕಡೆಯಿಂದ ನಡೆದು ಹೋಗುವಷ್ಟು ಹತ್ತಿರವಿದ್ದರೆ. ಇಲ್ಲದಿದ್ದರೆ ಅದನ್ನೂ ಬಿಡಿ.

ನಮ್ಮ ಮನೆಯವರೂ ಒಬ್ಬೊಬ್ಬರು ಒಂದೊಂದು ಕಡೆ ಇರುವುದರಿಂದ ಇಂಥ ಓಟ ನನಗೆ ಹೊಸದಲ್ಲ. ಹೊರಡುವ ಮೊದಲು ಒಮ್ಮೆ ಲೆಕ್ಕ ಹಾಕಿ ನೋಡಿ. ಶುಕ್ರವಾರ ರಾತ್ರಿ 10ಕ್ಕೆ ತಲುಪಿ ಭಾನುವಾರ ಸಂಜೆ 4ಕ್ಕೆ ಹೊರಟರೆ ಕೈಯಲ್ಲಿರುವುದು 42 ಗಂಟೆ. ಎರಡು ರಾತ್ರಿಯ ನಿದ್ದೆಗೆ 16 ಹೋಯಿತು. ಸಮಾರಂಭ, ಅದಕ್ಕೆ ರೆಡಿಯಾಗುವುದು, ಹೋಗಿ ಬರುವುದು ಎಲ್ಲ ಸೇರಿ 8. ಸ್ನಾನ, ತಿಂಡಿ, ಊಟ, ಮಕ್ಕಳ ಕಾಲಿಗೆ ಚಪ್ಪಲಿ ಹಾಕಿಸಿ ಬಾಗಿಲು ದಾಟಿಸುವುದು, ಇದಕ್ಕೆ ಇನ್ನೊಂದು 8. ಉಳಿದದ್ದು 10 ಗಂಟೆ. ಮಹಾನಗರದಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಸುಮ್ಮನೆ ಒಂದೊಂದು ಗಂಟೆ ಹಿಡಿಯುತ್ತದೆ. ನಾಲ್ಕು ಜಾಗ ಅಂದರೆ ಹೋಗಿ ಬರುವುದು ಸೇರಿ ಐದು ಗಂಟೆ ಬರೀ ಗಾಡಿಯಲ್ಲೇ. ಅಪ್ಪ ಅಮ್ಮನಿಗೆ ನೆನಪಲ್ಲಿ ಉಳಿಯುವುದು ಸಿಗ್ನಲ್ಲುಗಳು ಮಾತ್ರ.

ಹಾಗಾಗಿ ಉಳಿದುಕೊಳ್ಳುವ ಜಾಗವನ್ನು ನೋಡುವ ಜಾಗಗಳ ಹತ್ತಿರ ಹುಡುಕಬೇಡಿ, ಸಮಾರಂಭದ ಹಾಲ್ ಹತ್ತಿರ ಹುಡುಕಿ. ರೂಮು ಸ್ವಲ್ಪ ಚಿಕ್ಕದಾದರೂ ಅಡ್ಡಿಯಿಲ್ಲ. ಹಾಲ್‌ನಿಂದ ಹತ್ತು ನಿಮಿಷದ ದಾರಿಯಾದರೆ ಮಗು ಹಟ ಮಾಡಿದಾಗ ಒಬ್ಬರು ಕರೆದುಕೊಂಡು ಹೋಗಿ ಮಲಗಿಸಬಹುದು, ಅಪ್ಪ ಮಧ್ಯದಲ್ಲಿ ಒಂದು ಗಂಟೆ ಬೆನ್ನು ನೆಲಕ್ಕೆ ಹಾಕಿ ಮತ್ತೆ ಬರಬಹುದು. ದೂರವಿದ್ದರೆ ಒಬ್ಬರಿಗೆ ಸುಸ್ತಾದರೂ ಎಲ್ಲರೂ ಏಳಬೇಕು. ದೊಡ್ಡಮ್ಮನ ಮನೆಯಲ್ಲೇ ಉಳಿಯೋಣ ಅನ್ನುವ ಯೋಚನೆ ಇದ್ದರೆ, ಸಮಾರಂಭ ನಡೆಸುವವರ ಮನೆಯಲ್ಲಿ ಹಿಂದಿನ ರಾತ್ರಿ ಯಾರಿಗೂ ನಿದ್ದೆ ಇರುವುದಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಎಷ್ಟು ಒತ್ತಾಯ ಮಾಡಿದರೂ ಬೇರೆ ರೂಮು ಮಾಡಿ. ಬೇಸರ ಮಾಡಿಕೊಂಡರೆ, ಬೆಳಿಗ್ಗೆ ನಿಧಾನವಾಗಿ ಎದ್ದು ತಿಂಡಿ ಮುಗಿಸಿ ಹೋಗಿ ಕೆಲಸಕ್ಕೆ ನಿಲ್ಲಿ, ಬೇಸರ ತಾನಾಗಿ ಹೋಗುತ್ತದೆ.

ಬೇರೆ ರೂಮಾದರೂ ಶುಕ್ರವಾರ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ ಅಂತ ನಂಬಿಕೊಂಡು ಶನಿವಾರ ಬೆಳಿಗ್ಗೆ ಆರಕ್ಕೇ ಎಲ್ಲಿಗಾದರೂ ಹೊರಡುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಕೆಡುವುದು ಬರೀ ಮನಸ್ಸಿನ ಕಿರಿಕಿರಿ ಅಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಥ ರಾತ್ರಿ ಗಾಢ ನಿದ್ದೆಯಲ್ಲೂ ಮಿದುಳಿನ ಎಡಭಾಗ ಬಲಭಾಗದಷ್ಟು ಆಳಕ್ಕೆ ಇಳಿಯುವುದಿಲ್ಲ, ಸಣ್ಣ ಸದ್ದಿಗೂ ಎಚ್ಚರಾಗಲು ಕಾದಿರುತ್ತದೆ ಅಂತ ಕಂಡುಬಂತು. ಮಿದುಳಿನ ಅರ್ಧ ಕಾವಲು ಕೂತಿರುವಾಗ ನೀವು ಅಲಾರಾಂ ಇಟ್ಟು ಏನು ಮಾಡುತ್ತೀರಿ? ಶನಿವಾರ ಬೆಳಿಗ್ಗೆಯನ್ನು ಖಾಲಿ ಬಿಡಿ.

ಆ ಖಾಲಿ ಬೆಳಿಗ್ಗೆಯೇ ಇಡೀ ಪ್ರಯಾಣದ ಒಳ್ಳೆಯ ಭಾಗ ಅನ್ನುವುದು ನನ್ನ ಅನಿಸಿಕೆ. ಸಮಾರಂಭದಲ್ಲಿ ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. "ಯಾವಾಗ ಬಂದ್ರಿ? ಊಟ ಆಯ್ತಾ? ಮಗ ಎಷ್ಟನೇ ಕ್ಲಾಸು?" ಇಷ್ಟೇ, ಅಷ್ಟರಲ್ಲಿ ಇನ್ಯಾರೋ ಕೈ ಹಿಡಿದು ಎಳೆಯುತ್ತಾರೆ. ನಿಜವಾದ ಮಾತು ನಡೆಯುವುದು ಹಿಂದಿನ ಮುಂದಿನ ಹೊತ್ತಿನಲ್ಲಿ, ಹೂ ಕಟ್ಟುವಾಗ, ಕುರ್ಚಿ ಜೋಡಿಸುವಾಗ, ಇಸ್ತ್ರಿಗೆ ಸಾಲು ನಿಂತಾಗ. ನಿಮ್ಮ ಅಮ್ಮ ಅಷ್ಟು ದೂರ ಬರುತ್ತಿರುವುದು ಅಕ್ಕನ ಜೊತೆ ಅರ್ಧ ದಿನ ಕೂತು ಹರಟೆ ಹೊಡೆಯಲು ಇರಬಹುದು. ಅದನ್ನು ಕಿತ್ತುಕೊಂಡು ಮ್ಯೂಸಿಯಂ ತೋರಿಸಬೇಡಿ.

ಹಾಲ್ ಒಳಗೆ ನೀವು ನೋಡಿಕೊಳ್ಳಬೇಕಾದದ್ದು ದೊಡ್ಡವರು ಎಲ್ಲಿ ಕೂರುತ್ತಾರೆ ಅನ್ನುವುದು. ವಯಸ್ಸಾದಂತೆ ಮೊದಲು ಕಡಿಮೆಯಾಗುವುದು ಏರು ಸ್ವರಗಳನ್ನು ಕೇಳುವ ಶಕ್ತಿ. ಸ, ಶ, ತ, ಫ ಥರದ ಅಕ್ಷರಗಳು ಜಾರಿಹೋಗುತ್ತವೆ. ಮಾತಿನ ಸದ್ದು ಕೇಳುತ್ತದೆ, ಏನು ಹೇಳಿದರು ಅನ್ನುವುದು ತಿಳಿಯುವುದಿಲ್ಲ. ಅದರ ಮೇಲೆ ಗದ್ದಲ. ಗದ್ದಲದಲ್ಲಿ ಮನುಷ್ಯ ತನಗೇ ಗೊತ್ತಿಲ್ಲದೆ ದನಿ ಏರಿಸುತ್ತಾನೆ ಅನ್ನುವುದನ್ನು ಫ್ರಾನ್ಸಿನ ವೈದ್ಯ ಲೊಂಬಾರ್ 1911ರಲ್ಲೇ ಬರೆದಿದ್ದ. ಒಬ್ಬರು ಏರಿಸಿದರೆ ಪಕ್ಕದವರು ಇನ್ನಷ್ಟು, ಒಂದು ಗಂಟೆಯಲ್ಲಿ ಇಡೀ ಹಾಲ್ ಕಿರುಚುತ್ತಿರುತ್ತದೆ. ನಿಮ್ಮ ಅಪ್ಪ ಸುಮ್ಮನೆ ನಗುತ್ತಾ ತಲೆಯಾಡಿಸುತ್ತಿದ್ದರೆ ಅವರಿಗೆ ಏನೂ ಕೇಳಿಸುತ್ತಿಲ್ಲ ಅಂತಲೇ ತಿಳಿಯಿರಿ. ಸ್ಪೀಕರ್‌ನಿಂದ ದೂರ, ಬೆನ್ನಿಗೆ ಗೋಡೆ ಇರುವ ಮೂಲೆಯ ಟೇಬಲ್ಲಿಗೆ ಮೊದಲೇ ಹೋಗಿ ಜಾಗ ಹಿಡಿಯಿರಿ. ಮಾತಾಡಿಸುವವರು ಎದುರಿಗೆ, ಮುಖದ ಮೇಲೆ ಬೆಳಕು ಬೀಳುವಂತೆ ಕೂತರೆ ತುಟಿ ನೋಡಿ ಅರ್ಧ ಗೊತ್ತಾಗುತ್ತದೆ. ಇದೊಂದನ್ನು ಮಾಡಿದರೆ ಅವರ ಸಂಜೆಯೇ ಬೇರೆ. ಮಿಕ್ಕ ಅಲಂಕಾರ ಯಾರೂ ಗಮನಿಸುವುದಿಲ್ಲ, ಇದನ್ನು ಕೋಪ ಮಾಡಿಕೊಳ್ಳದೆ ಕೇಳಿ.

ಗ್ರೂಪ್ ಫೋಟೋವನ್ನು ಊಟಕ್ಕೆ ಮೊದಲೇ ತೆಗೆಸಿ. ಊಟದ ನಂತರ ಮಕ್ಕಳಿಗೆ ನಿದ್ದೆ, ದೊಡ್ಡವರಿಗೆ ಸುಸ್ತು, ಚಿಕ್ಕಪ್ಪಂದಿರು ಪಾರ್ಕಿಂಗ್‌ನಲ್ಲಿ.

ಇನ್ನು ಪ್ರಯಾಣದ ಮಾತು. ಶುಕ್ರವಾರ ಸಂಜೆ ಹೊರಡುವಾಗ ದಾರಿಯ ಅಂದಾಜನ್ನು ಈಗಿನ ಟ್ರಾಫಿಕ್ ನೋಡಿ ಹಾಕಬೇಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ಹೊರಡುವ ದಿನ, ಸಮಯ ಹಾಕಿದರೆ ಆ ಹೊತ್ತಿನ ಅಂದಾಜು ಕೊಡುತ್ತದೆ, ಅದರ ಮೇಲೂ ಸ್ವಲ್ಪ ಸೇರಿಸಿಕೊಳ್ಳಿ. ರೈಲಾದರೆ ಯಾವ ನಿಲ್ದಾಣದಲ್ಲಿ ಇಳಿಯಬೇಕು ಅನ್ನುವುದು ಟಿಕೆಟ್ಟಿನ ದರಕ್ಕಿಂತ ಮುಖ್ಯ. ಲಂಡನ್, ಪ್ಯಾರಿಸ್, ಮುಂಬೈಯಂಥ ಕಡೆ ಒಂದೇ ಊರಿನ ಹೆಸರಲ್ಲಿ ಹಲವು ದೊಡ್ಡ ನಿಲ್ದಾಣಗಳಿವೆ. ವಿಮಾನಕ್ಕೂ ಇದೇ ಮಾತು. ಟೋಕಿಯೋದ ನರಿತಾ ವಿಮಾನ ನಿಲ್ದಾಣ ಊರ ನಡುವಿನಿಂದ ಸುಮಾರು 60 ಕಿಲೋಮೀಟರ್ ದೂರ, ಹನೇಡಾ ತುಂಬ ಹತ್ತಿರ. ಎರಡೇ ದಿನದ ಪ್ರಯಾಣದಲ್ಲಿ ಇದು ಅರ್ಧ ದಿನದ ಪ್ರಶ್ನೆ.

ನಾಲ್ಕು ಗಂಟೆಗಿಂತ ಹೆಚ್ಚು ಕೂತೇ ಇರಬೇಕಾದರೆ ಅಪ್ಪ ಅಮ್ಮನನ್ನು ಆಗಾಗ ಎಬ್ಬಿಸಿ ನಡೆಸಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಅಷ್ಟು ಹೊತ್ತಿನ ಪ್ರಯಾಣದಿಂದ ಸುಮಾರು ಎರಡು ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ಎರಡು ಪಟ್ಟು ಅಂದರೂ 6,000 ಜನರಲ್ಲಿ ಒಬ್ಬರಿಗೆ, ಹೆದರಿಸಬೇಕಿಲ್ಲ. ವಿಮಾನ ಮಾತ್ರ ಅಲ್ಲ, ಬಸ್ಸು, ಕಾರು, ರೈಲು ಎಲ್ಲದಕ್ಕೂ ಅನ್ವಯ. ಮೊದಲು ಹೀಗೆ ಆಗಿದ್ದವರು, ಇತ್ತೀಚೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಹೊರಡಲಿ.

ಮಾತ್ರೆಗಳು, ಕನ್ನಡಕ, ಸಮಾರಂಭಕ್ಕೆ ಉಡುವ ಬಟ್ಟೆ, ಇವನ್ನು ಪಕ್ಕದಲ್ಲೇ ಇರುವ ಬ್ಯಾಗಿನಲ್ಲಿ ಇಡಿ. ದೊಡ್ಡ ಬ್ಯಾಗು ತಡವಾಗಿ ಬಂದರೂ ಶನಿವಾರ ಸಂಜೆ ನಡೆಯುತ್ತದೆ. ವಿಮಾನವಾದರೆ ಪವರ್ ಬ್ಯಾಂಕ್ ಕೂಡ ಕೈಬ್ಯಾಗಿನಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್, ಅಂದರೆ ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನುವ ಅಳತೆ. 20,000 ಎಂಎಎಚ್‌ನದು 74 ಆಗುತ್ತದೆ, ಚಿಂತೆಯಿಲ್ಲ.

ಭಾನುವಾರ ರೂಮು ಖಾಲಿ ಮಾಡುವ ಹೊತ್ತು ಸಾಮಾನ್ಯವಾಗಿ 11 ಅಥವಾ 12. ಬ್ಯಾಗುಗಳನ್ನು ರಿಸೆಪ್ಷನ್‌ನಲ್ಲಿ ಇಟ್ಟು ಹೋಗಬಹುದು, ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ನಾನು ಹೇಳಿದ ಆ ಒಂದು ಜಾಗವನ್ನು ಇದಕ್ಕೂ ಮೊದಲೇ ನೋಡಿ. ಭಾನುವಾರ ಬೆಳಿಗ್ಗೆ ಎಂಥ ಊರೂ ಸ್ವಲ್ಪ ಮೆತ್ತಗಿರುತ್ತದೆ. ಏನು ನೋಡಬೇಕು ಅನ್ನುವುದನ್ನು ಮಕ್ಕಳೇ ಆರಿಸಲಿ. ಬರುವ ಇಷ್ಟವಿಲ್ಲದವರನ್ನು ದೊಡ್ಡಮ್ಮನ ಮನೆಯಲ್ಲಿ ಬಿಟ್ಟು ಹೋಗಿ, ಎಲ್ಲರೂ ಎಲ್ಲ ಕಡೆಗೂ ಬರಲೇಬೇಕು ಅನ್ನುವ ನಿಯಮ ಯಾರು ಮಾಡಿದರೋ ಗೊತ್ತಿಲ್ಲ. ಸಾಧ್ಯವಾದರೆ ಸೋಮವಾರ ಅರ್ಧ ದಿನ ರಜೆ ಹಾಕಿ. ಭಾನುವಾರ ಸಂಜೆ ಊರು ಬಿಡುವ ಎಲ್ಲ ದಾರಿಗಳಲ್ಲೂ ನಿಮ್ಮ ಥರದವರೇ ತುಂಬಿರುತ್ತಾರೆ.

ಕೊನೆಗೆ ಉಡುಗೊರೆ "ಅಲ್ಲೇ ಹೋಗಿ ಕೊಳ್ಳಬಹುದಾ" ಅಂತ ಕೇಳಿದ್ದೀರಿ. ಬೇಡ, ಶನಿವಾರ ಮಧ್ಯಾಹ್ನ ಅಂಗಡಿ ಹುಡುಕುತ್ತಾ ಕೂತರೆ ಹೊತ್ತು ಹೋಗುತ್ತದೆ. ಈಗಲೇ ಕೊಂಡು, ದೊಡ್ಡದಿದ್ದರೆ ವಾರ ಮೊದಲೇ ಅವರ ಪಕ್ಕದ ಮನೆಯವರ ವಿಳಾಸಕ್ಕೆ ಕೊರಿಯರ್ ಮಾಡಿ. ಪಕ್ಕದ ಮನೆಯವರಿಗೆ ಮೊದಲು ಫೋನ್ ಮಾಡಿ ಕೇಳಿ, ದೊಡ್ಡಮ್ಮನಿಗೆ ಹೇಳಬಾರದು ಅಂತಲೂ ಹೇಳಿ.